ತಿಪ್ಪೇಶಿ ಮ್ಯೂಸಿಯಂ ತೋರಿಸಿದ್ದು

ಒಂದೂರು. ಊರಿಗೊಂದು ಮ್ಯೂಸಿಯಂ. ಒಳಗೆ ಕಾಲಿಟ್ಟರೆ ತಂಪು, ಕಣ್ಣು ತಾನಾಗೇ ಎಳೆಯೋದು. ಅಲ್ಲಿ ಕಸ ಗುಡಿಸೋಳು ಗೌರಕ್ಕ. ಅವಳ ಮಗ ತಿಪ್ಪೇಶಿಗೆ ಮೂವತ್ತು ತುಂಬಿತ್ತು, ತಲೆ ತುಂಬಿರಲಿಲ್ಲ.

"ಇವನಿಗೊಂದು ಕೆಲಸ ಆದ್ರೆ ನಾನು ಕಣ್ಮುಚ್ಚೇನು ಮೇಡಮ್ಮೋರೇ!" ಅಂತ ಗೌರಕ್ಕ ಅತ್ತಳು. ಮಕ್ಕಳಿಗೆ ಮ್ಯೂಸಿಯಂ ತೋರಿಸಿ ಪಾಠ ಹೇಳೋ ವಿಮಲಾಬಾಯಿ ಮೇಡಂ ಕರಗಿದರು. "ಆಯ್ತು, ಕಲಿಸ್ತೀನಿ. ಮ್ಯೂಸಿಯಂ ಸಾಹೇಬರು ನೋಡಿ ಒಪ್ಪಿದರೆ ಕೆಲಸ ಕಾಯಂ."

ಸೋಮವಾರ ಮ್ಯೂಸಿಯಂಗೆ ರಜೆ. ಪಾಠ ಹೇಳೋರೆಲ್ಲ ಕೂತು ಒಬ್ಬರಿಗೊಬ್ಬರು ಕಲಿಸೋ ದಿನ ಅದು. ಮೇಡಂ ಅಂದರು, "ನೀನೇ ಒದರಬೇಡ ತಿಪ್ಪೇಶಿ. ಕಲ್ಲು ಮಾತಾಡಬೇಕು!"

"ಆಗ್ಲಿ ಮೇಡಂ!"

ಮಂಗಳವಾರ ಶಾಲೆ ಮಕ್ಕಳು ಬಂದರು. ತಿಪ್ಪೇಶಿ ಅವರನ್ನ ವೀರಗಲ್ಲಿನ ಮುಂದೆ ಕೂರಿಸಿದ. "ಶ್! ಕಲ್ಲು ಮಾತಾಡುತ್ತೆ." ಕೂತರು. ಕಿಟಕಿ ಬಿಸಿಲು ಕಲ್ಲಿನ ಕುದುರೆಯಿಂದ ಕಲ್ಲಿನ ಹಸುವಿಗೆ ಮೆಲ್ಲಗೆ ಜರುಗಿತು. ಕೂತೇ ಇದ್ದರು. ಒಂದೊಂದೇ ತಲೆ ತೂಗಿತು.

"ಗಂಟೆ ಸದ್ದು ಸಾರ್... ಹಸು ಬರ್ತಾವೆ," ಅಂದಳೊಬ್ಬಳು ನಿದ್ದೆಗಣ್ಣಲ್ಲಿ.

"ಹಾದಿ ಬಿಡ್ರಪ್ಪೋ!" ಅಂತ ತಿಪ್ಪೇಶಿ ಎಲ್ಲರನ್ನೂ ಗೋಡೆಗೆ ಸರಿಸಿದ. ನಗಬೇಡಿ. ಅಲ್ಲಿದ್ದಿದ್ರೆ ನಾನೂ ಸರೀತಿದ್ದೆ.

"ಅಯ್ಯೋ ಪೆದ್ದೇ!" ಮೇಡಂ ಬೈದರು. "ಮಕ್ಕಳಿಗೆ ಗೊತ್ತಿರೋದರಿಂದ ಹೊಸದಕ್ಕೆ ಬರಬೇಕು. ಅವರ ಮನೆಯಿಂದ ಶುರು ಮಾಡು!"

"ಆಗ್ಲಿ ಮೇಡಂ!"

ಮುಂದಿನ ವಾರ ಇನ್ನೊಂದು ಶಾಲೆ ಬಸ್ಸು ಬಂತು. "ಇಳೀಬೇಡಿ! ಮನೆಯಿಂದ ಶುರು!" ಬಸ್ಸು ತಿರುಗಿತು. ಮೂವತ್ತೆರಡು ಮಕ್ಕಳು, ಮೂವತ್ತೆರಡು ಮನೆ, ಮನೆಮನೆಯಲ್ಲೂ ಮಜ್ಜಿಗೆ. ವಾಪಸ್ ಬರೋ ಹೊತ್ತಿಗೆ ಮ್ಯೂಸಿಯಂ ಬಾಗಿಲು ಹಾಕಿತ್ತು.

ಗೌರಕ್ಕ ಹಣೆ ಚಚ್ಚಿಕೊಂಡಳು. ಮೇಡಂ ಅಂದರು, "ಇನ್ನು ಹೇಳೋದೇ ಬೇಡ. ಪಕ್ಕದಲ್ಲಿ ನಿಂತು ನೋಡು. ನಾನು ಮಾಡಿದಂಗೇ ಮಾಡು, ಒಂದಕ್ಷರ ಬಿಡಬೇಡ!"

"ಆಗ್ಲಿ ಮೇಡಂ!"

ಅವನು ನಿಂತು ನೋಡಿದ ದಿನವೇ ಮೇಡಂ ರಿಟೈರ್ ಆಗೋ ದಿನ. ಕಲ್ಲಲ್ಲಿ ಏನು ಕಾಣುತ್ತೆ ಅಂತ ಮಕ್ಕಳನ್ನ ಕೇಳಿದರು, ಕಾದರು, ನಕ್ಕರು. ಕೊನೆಗೆ ಅಂದರು, "ಮಕ್ಕಳೇ, ಇವತ್ತಿಗೆ ನನ್ನ ಕೆಲಸ ಮುಗೀತು." ಕೊರಳ ಬ್ಯಾಡ್ಜ್ ತೆಗೆದು ಸಾಹೇಬರ ಕೈಗಿಟ್ಟು, ಕೈಮುಗಿದು ಹೊರಟೇಬಿಟ್ಟರು.

ಮರುದಿನ ತಿಪ್ಪೇಶಿಯ ಸರದಿ, ಕೊರಳಲ್ಲಿ ಅದೇ ಬ್ಯಾಡ್ಜ್. ಸಾಹೇಬರು ಹಿಂದೆ ನಿಂತಿದ್ದರು. ಮಕ್ಕಳನ್ನ ಕೇಳಿದ, ಕಾದ, ನಕ್ಕ. "ಈ ವೀರ ಹಸು ಬಿಡಿಸೋಕೆ ಹೋಗಿ ಸತ್ತಿದ್ದಾನೆ ಸಾರ್!" ಅಂತ ಮಕ್ಕಳೇ ಕಲ್ಲಿನ ಕತೆ ಬಿಡಿಸಿದರು.

"ಭೇಷ್! ನಿನ್ನ ಕೆಲಸ ಕಾಯಂ!" ಅಂದರು ಸಾಹೇಬರು. ಕಂಬದ ಮರೆಯಲ್ಲಿ ಗೌರಕ್ಕ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ತಿಪ್ಪೇಶಿ ಅಂದ, "ಮಕ್ಕಳೇ, ಇವತ್ತಿಗೆ ನನ್ನ ಕೆಲಸ ಮುಗೀತು." ಬ್ಯಾಡ್ಜ್ ತೆಗೆದು ಸಾಹೇಬರ ಕೈಗಿಟ್ಟ. ಕೈಮುಗಿದ. ಹೊರಟೇಬಿಟ್ಟ.

"ಎಲ್ಲಿಗೋ ಮಗನೇ!" ಅಂತ ಗೌರಕ್ಕ ಬಾಗಿಲ ತನಕ ಓಡಿದಳು.

ಬಿಸಿಲಲ್ಲಿ ನಿಂತು ತಿಪ್ಪೇಶಿ ತಿರುಗಿ ನಕ್ಕ. "ಒಂದಕ್ಷರ ಬಿಡಲಿಲ್ಲ ನೋಡವ್ವಾ!"