ಕಂಟ್ರೋಲ್ ಕೀಲಿಯ ಹಿಗ್ಗು

ಊರ ಗ್ರಂಥಾಲಯದ ಕಂಪ್ಯೂಟರಿಗೆ ಬೀಗ ಹಾಕಿದ್ದರು. ಪತ್ರಿಕೆ ಓದುವುದು ಬಿಟ್ಟರೆ ಅದರಲ್ಲಿ ಬೇರೇನೂ ಮಾಡುವಂತಿರಲಿಲ್ಲ. ಬೀಗ ಹಾಕಿದವರು ಕೀಬೋರ್ಡಿನ ಕಂಟ್ರೋಲ್ ಕೀಲಿಯನ್ನು ಮಾತ್ರ ಬಂದ್ ಮಾಡಲು ಮರೆತಿದ್ದರು. ಕಣ್ಣು ಮಂಜಾದ ಕಮಲಾಬಾಯಿ ಟೀಚರ್ ದಿನವೂ ಬಂದು ಕಂಟ್ರೋಲನ್ನೂ ಪ್ಲಸ್ಸನ್ನೂ ಒಟ್ಟಿಗೆ ಒತ್ತಿ, ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಿದ್ದರು.

ಒಂದು ದಿನ ಎಸ್ಕೇಪ್ ಕೀಲಿ ಹೇಳಿತು: "ಕಂಟ್ರೋಲೇ, ಅಕ್ಷರ ಹಿಗ್ಗಿಸುವುದೂ ಒಂದು ಕೆಲಸವೇ? ನನ್ನ ಜೊತೆ ಸೇರು. ಈ ಬೀಗವನ್ನೇ ತೆಗೆದುಬಿಡೋಣ."

"ಬೇಡ," ಎಂದಿತು ಪ್ಲಸ್. "ನಿನ್ನನ್ನು ಮರೆತಿದ್ದಾರೆ. ಮರೆತೇ ಇರಲಿ."

"ನಾನು ಯಾರೆಂದು ನಾಲ್ಕು ಜನಕ್ಕೆ ತಿಳಿಯಲಿ ಬಿಡು," ಎಂದಿತು ಕಂಟ್ರೋಲ್.

ಅಂದು ಮಧ್ಯಾಹ್ನ ಒಬ್ಬ ತರುಣ ಸುಮ್ಮನೆ ಕೈಯಾಡಿಸುತ್ತಾ ಕಂಟ್ರೋಲನ್ನೂ ಎಸ್ಕೇಪನ್ನೂ ಒಟ್ಟಿಗೆ ಒತ್ತಿದ. ಬೀಗದ ಪರದೆ ಸರಿದು ಇಡೀ ಕಂಪ್ಯೂಟರ್ ತೆರೆದುಕೊಂಡಿತು. ಓದುತ್ತಿದ್ದವರೆಲ್ಲ ಎದ್ದು ಬಂದು ನೋಡಿದರು. ಕಂಟ್ರೋಲ್ ಹಿಗ್ಗಿ ಹೋಯಿತು. ಸಂಜೆ ರಿಪೇರಿಯವನು ಬಂದು, ಮತ್ತೆ ಬೀಗ ಹಾಕಿ, ಕಂಟ್ರೋಲ್ ಕೀಲಿ ಇನ್ನು ಕೆಲಸವೇ ಮಾಡದಂತೆ ಮಾಡಿ ಹೋದ.

ಮರುದಿನ ಟೀಚರ್ ಬಂದು ಎಂದಿನಂತೆ ಒತ್ತಿದರು. ಕಾಣಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ಒತ್ತಿದರು. ಕೊನೆಗೆ ಗ್ರಂಥಪಾಲಕರ ಕಡೆ ತಿರುಗಿ, "ಅಕ್ಷರ ದೊಡ್ಡದು ಮಾಡಿದರೂ ಕಾಣ್ತಿಲ್ಲ ಸರ್. ನನ್ನ ಕಣ್ಣು ಪೂರ್ತಿ ಹೋಯ್ತು ಅನ್ಸುತ್ತೆ. ಇನ್ನು ಬರಲ್ಲ," ಎಂದು ಚೀಲ ಎತ್ತಿಕೊಂಡು ಹೊರಟರು.

"ಕಣ್ಣಲ್ಲ ತಾಯಿ, ಹೋಗಿದ್ದು ನಾನು!" ಎಂದು ಕಂಟ್ರೋಲ್ ಕೂಗಿತು.

ಅದು ಪಕ್ಕದ ಕೀಲಿಗಳಿಗೆ ಮಾತ್ರ ಕೇಳಿಸಿತು.