ಎಂಟು ಅಕ್ಷರದ ಅಗಲ

"ಗುರುಗಳ, ಎರಡು ಫೈಲು ಕೂಡಸಾಕ ಹೋದ್ರ ಕಂಪ್ಯೂಟರ್ ಒಪ್ಪವಲ್ದು. ಇದರ ಕಾಲಂ ಅದರ ಕಾಲಂಗೆ ಹೊಂದೂದಿಲ್ಲ ಅಂತ ತಕರಾರು ತಗೀತೈತಿ. ಯಾವುದನ್ನ ಯಾವುದಕ್ಕ ಹೊಂದಸಬೇಕ್ರಿ?" ಎಂದು ರೇವಣಸಿದ್ಧ ಕೇಳಿದ.

ಅವನು ಅಡಿವೆಪ್ಪ ಮೇಷ್ಟ್ರ ಹಳೆಯ ಶಿಷ್ಯ. ಅಂಗನವಾಡಿ ಮಕ್ಕಳ ತೂಕದ ಒಂದು ಫೈಲು, ಅವೇ ಮಕ್ಕಳ ಕಾಯಿಲೆಯ ಇನ್ನೊಂದು ಫೈಲು ಅವನ ಕೈಯಲ್ಲಿದ್ದವು. ಎರಡನ್ನೂ ಸೇರಿಸಿ ವಾರದೊಳಗೆ ವರದಿ ಕೊಡಬೇಕಿತ್ತು. ಮೇಷ್ಟ್ರು ನಲವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವರು. ಕೇಳಿದ ಪ್ರಶ್ನೆಗೆ ಅವರು ನೇರವಾಗಿ ಉತ್ತರ ಕೊಟ್ಟದ್ದನ್ನು ಕಂಡವರಿಲ್ಲ. ಅವತ್ತೂ ಕೊಡಲಿಲ್ಲ. "ಕುಂದ್ರು" ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಜಿಲ್ಲೆಯಲ್ಲಿ ಒಬ್ಬ ಗಣತಿಯವಳಿದ್ದಳು. ಅವಳ ಹೆಸರು ಕಸ್ತೂರಿ ಎಂದಿಟ್ಟುಕೊಳ್ಳೋಣ. ಸಾಮಾನ್ಯವಾಗಿ ಮನೆಮನೆ ತಿರುಗಿ ಬರೆದುಕೊಂಡು ಬರುವವರು ಬೇರೆ, ಕಚೇರಿಯಲ್ಲಿ ಕೂತು ಅದನ್ನು ಕಂಪ್ಯೂಟರಿಗೆ ಏರಿಸುವವರು ಬೇರೆ. ಈ ಕಚೇರಿಯಲ್ಲಿ ಖಾಲಿ ಬಿದ್ದ ಕುರ್ಚಿಗಳೇ ಹೆಚ್ಚು. ಹಾಗಾಗಿ ಎರಡೂ ಕೆಲಸ ಅವಳ ತಲೆಗೇ ಬಂದಿದ್ದವು. ಅವಳು ಬೇಸರಪಡಲಿಲ್ಲ. ಕೆಲಸದಲ್ಲಿ ಬಲು ಅಚ್ಚುಕಟ್ಟು. ಒಂದು ಸೊನ್ನೆ ಆಚೀಚೆಯಾದರೂ ಅವಳಿಗೆ ಊಟ ಸೇರುತ್ತಿರಲಿಲ್ಲ.

ಆ ಜಿಲ್ಲೆಯ ಕೆಲವು ಕಡೆ ಮಕ್ಕಳ ಕಾಲು ಬಾಗುತ್ತಿದ್ದವು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರಬೇಕು ಎಂಬ ಅನುಮಾನವಿತ್ತು. ಎಲ್ಲಿ ನೀರೇ ಕಾರಣವೆಂದು ಗೊತ್ತಾಗುತ್ತದೋ ಆ ಊರಿಗೆ ಅದೇ ವರ್ಷ ಬೇರೆ ನೀರು ಕೊಡುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಯಾವ ಮನೆಯಲ್ಲಿ ಯಾರ ಕಾಲು ಹೇಗಿದೆ ಎಂದು ಬರೆದುಕೊಂಡು ಬರುವುದು ಕಸ್ತೂರಿಯ ಕೆಲಸವಾಯಿತು.

ತಿರುಗುತ್ತ ತಿರುಗುತ್ತ ಅವಳು ಮುತ್ತಹಾಳಕ್ಕೆ ಬಂದಳು. ದೊಡ್ಡ ಊರು. ಏಳುನೂರು ಮನೆ. ಅಲ್ಲಿ ನೀರು ಸಿಹಿ, ಕಾಲು ಬಾಗಿದ ಮಕ್ಕಳನ್ನು ಹುಡುಕಿದರೂ ಸಿಗಲಿಲ್ಲ. ಅಲ್ಲಿಂದ ಎರಡು ಮೈಲಿ ಆಚೆ, ಕಲ್ಲುದಿನ್ನೆಯ ಮೇಲೆ ಮುತ್ತಹಾಳ ತಾಂಡಾ. ಲಂಬಾಣಿಗರ ಅರವತ್ತೆರಡು ಮನೆ, ಎಲ್ಲಕ್ಕೂ ಸೇರಿ ಒಂದೇ ಕೈಪಂಪು. ಅಲ್ಲಿ ಮನೆಗೊಂದು ಮಗು ಗೋಡೆ ಹಿಡಿದು ನಡೆಯುತ್ತಿತ್ತು.

ಕೊನೆಯ ಮನೆ ಜಮಲಿಬಾಯಿಯದು. ಮೊಮ್ಮಕ್ಕಳಲ್ಲಿ ದೊಡ್ಡವರಿಬ್ಬರ ಕಾಲು ಆಗಲೇ ಕೆಟ್ಟಿದ್ದವು. ಮೂರು ವರ್ಷದ ಸಕ್ಕು ಮಾತ್ರ ಅಂಗಳದ ತುಂಬ ಓಡಾಡಿಕೊಂಡಿದ್ದಳು. ಜಮಲಿಬಾಯಿ ಅವಳನ್ನು ಹಿಡಿದು ತಂದು ಕಸ್ತೂರಿಯ ಮುಂದೆ ನಿಲ್ಲಿಸಿದಳು.

"ನೋಡ ಯವ್ವಾ, ಈಕಿ ಕಾಲು ಇನ್ನಾ ನೆಟ್ಟಗ ಅದಾವು. ಹುಟ್ಟಿದಾಗ ಎಲ್ಲಾರವೂ ಹಿಂಗ ಇರ್ತಾವು. ಆಮ್ಯಾಲ ಸೊಟ್ಟ ಆಗ್ತಾವು. ಬ್ಯಾರೆ ನೀರು ಕೊಡಸ್ರಿ. ಈಕಿ ಒಬ್ಬಾಕಿನರೆ ಉಳೀಲಿ."

"ಬರ್ಕೊಂಡೀನಮ್ಮ. ಒಂದು ಮನೀನೂ ಬಿಟ್ಟಿಲ್ಲ" ಎಂದಳು ಕಸ್ತೂರಿ. ಹಾಗೆ ಹೇಳುವಾಗ ಅವಳಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆಯಾಯಿತು. ಈ ಮಗುವಿಗಾಗಿಯೇ ತಾನು ಇಷ್ಟು ತಿರುಗಿದ್ದು ಅನ್ನಿಸಿತು. ಮಗುವಿನ ಗಲ್ಲ ಹಿಂಡಿ ಎದ್ದು ಬಂದಳು.

ಕಚೇರಿಗೆ ಬಂದು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದಳು. ನೀರಿನ ಪರೀಕ್ಷೆ ಮಾಡಿದ್ದು ಬೇರೆ ಇಲಾಖೆ. ಅವರ ಫೈಲು ಅವರದೇ ರೀತಿಯಲ್ಲಿತ್ತು. ಊರಿನ ಹೆಸರು ಹಿಡಿದು ಎರಡನ್ನೂ ಜೋಡಿಸಬೇಕು. ಆಗ ಪ್ರತಿ ಮನೆಯ ಮುಂದೆ ಆ ಮನೆಯವರು ಕುಡಿಯುವ ನೀರಿನ ಅಂಕಿ ಬಂದು ಕೂರುತ್ತದೆ. ಹೇಳುವುದಕ್ಕೆ ಸುಲಭ.

ಮೊದಲು ತಾರೀಕು ತಕರಾರು ಮಾಡಿತು. ಅವಳ ಫೈಲಿನಲ್ಲಿ ತಾರೀಕು ತಾರೀಕಾಗಿಯೇ ಇತ್ತು. ಅವರದರಲ್ಲಿ ಅದನ್ನು ಬರೀ ಅಕ್ಷರಗಳೆಂದು ತುಂಬಿದ್ದರು. ನೋಡಿದರೆ ಎರಡೂ ಒಂದೇ, ಆದರೆ ಕಂಪ್ಯೂಟರು ಒಪ್ಪಲು ತಯಾರಿಲ್ಲ. ಅವಳು ಅವರದನ್ನು ತಾರೀಕಿಗೆ ಬದಲಿಸಿದಳು. ಸರಿಯಾಯಿತು. ಆ ತಿದ್ದುಪಡಿಯಲ್ಲಿ ಯಾರಿಗೂ ಏನೂ ನಷ್ಟವಾಗಲಿಲ್ಲ.

ಆಮೇಲೆ ಊರಿನ ಹೆಸರಿನದು. ಎರಡು ಫೈಲಿನಲ್ಲೂ ಹೆಸರು ಇಂಗ್ಲಿಷಿನಲ್ಲಿತ್ತು. ಅವಳು ಆ ಕಾಲಂಗೆ ಇಪ್ಪತ್ತು ಅಕ್ಷರದ ಅಗಲ ಕೊಟ್ಟಿದ್ದಳು. ನೀರಿನವರು ಎಂಟೇ ಅಕ್ಷರ ಕೊಟ್ಟಿದ್ದರು. ಕೊಟ್ಟಿದ್ದರು ಅನ್ನುವುದೂ ತಪ್ಪು. ಕಂಪ್ಯೂಟರು ತಾನಾಗಿ ಎಂಟು ಇಟ್ಟಿತ್ತು, ಯಾರೂ ಅದನ್ನು ಮುಟ್ಟಿರಲಿಲ್ಲ. ಅಗಲ ಬೇರೆ ಬೇರೆ, ಕೂಡಿಸಲಾಗದು ಎಂದು ಕಂಪ್ಯೂಟರು ನಿಂತುಬಿಟ್ಟಿತು.

ಅವಳು ಅವರ ಎಂಟನ್ನು ಇಪ್ಪತ್ತಕ್ಕೆ ಹಿಗ್ಗಿಸಿದಳು. ಫೈಲುಗಳು ಕೂಡಿಕೊಂಡವು. ಆದರೆ ಎಷ್ಟೋ ಮನೆಗಳ ಮುಂದೆ ನೀರಿನ ಅಂಕಿ ಬರಲಿಲ್ಲ, ಖಾಲಿ. ಯಾಕೆಂದು ನೋಡಿದಳು. ಉದ್ದ ಹೆಸರಿನ ಊರುಗಳೆಲ್ಲ ನೀರಿನವರ ಫೈಲಿನಲ್ಲಿ ಎಂಟಕ್ಕೇ ತುಂಡಾಗಿದ್ದವು. ಇವಳಲ್ಲಿ ಪೂರ್ತಿ ಹೆಸರು, ಅವರಲ್ಲಿ ಅರ್ಧ ಹೆಸರು. ಒಂದನ್ನೊಂದು ಗುರುತಿಸುವುದು ಹೇಗೆ?

ಕಚೇರಿಯ ಸಾಹೇಬರು ಬಂದು ಹಿಂದೆ ನಿಂತರು. "ಖಾಲಿ ಬಿಟ್ಟು ಕಳಸಬ್ಯಾಡ್ರಿ ಮತ್ತ. ನಾಳೆ ಮ್ಯಾಲಿನವರು ನನ್ನ ಕೇಳ್ತಾರ" ಎಂದರು.

ಅವರದು ಚಿಕ್ಕದಿದ್ದರೆ ನನ್ನದನ್ನೂ ಚಿಕ್ಕದು ಮಾಡಿದರಾಯಿತು ಎಂದುಕೊಂಡಳು ಕಸ್ತೂರಿ. ಇಪ್ಪತ್ತನ್ನು ಎಂಟಕ್ಕೆ ಇಳಿಸಿದಳು. ಹೀಗೆ ಮಾಡಿದರೆ ಕೆಲವು ಅಕ್ಷರ ಹೋಗುತ್ತವೆ, ಮುಂದುವರಿಯಲೇ ಎಂದು ಕಂಪ್ಯೂಟರು ಕೇಳಿತು. ಅವಳು ಹೂಂ ಅಂದಳು.

ಈಗ ಎಲ್ಲವೂ ಹೊಂದಿದವು. ಸಾವಿರಾರು ಸಾಲುಗಳಲ್ಲಿ ಒಂದೂ ಖಾಲಿ ಉಳಿಯಲಿಲ್ಲ. ಮೇಲಿಂದ ಕೆಳಗೆ ಎರಡು ಸಲ ನೋಡಿದಳು. ತಿಂಗಳುಗಟ್ಟಲೆ ತಿರುಗಿದ ದಣಿವು ಒಮ್ಮೆಲೇ ಇಳಿದಂತಾಯಿತು. ಸಾಹೇಬರು ಎಲ್ಲರಿಗೂ ಚಹಾ ತರಿಸಿದರು.

ಮುತ್ತಹಾಳ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಸರಿಯಾಗಿ ಎಂಟು ಅಕ್ಷರ. ತಾಂಡಾ ಎಂಬುದು ಒಂಬತ್ತನೆಯದರಿಂದ ಆಚೆ ಇತ್ತು. ಅದು ಕತ್ತರಿಸಿ ಹೋಯಿತು. ಅರವತ್ತೆರಡು ಮನೆ ಸದ್ದಿಲ್ಲದೆ ಹೋಗಿ ಏಳುನೂರು ಮನೆಗಳ ಊರಲ್ಲಿ ಸೇರಿಕೊಂಡವು. ಆ ಊರಿನ ಸಿಹಿನೀರಿನ ಅಂಕಿ ಇವರ ಮನೆಗಳ ಮುಂದೆಯೂ ಬಂದು ಕೂತಿತು. ತಾಂಡಾದ ಕೈಪಂಪಿನ ನೀರನ್ನು ಯಾವ ಇಲಾಖೆಯೂ ಯಾವತ್ತೂ ಪರೀಕ್ಷಿಸಿರಲೇ ಇಲ್ಲ. ಖಾಲಿ ಸಾಲುಗಳಲ್ಲಿ ಅರವತ್ತೆರಡು ಖಾಲಿ ಇದ್ದದ್ದು ಅದಕ್ಕೇ. ಮಿಕ್ಕವು ಹೆಸರಿನ ತೊಡಕು. ಅವಳು ಎರಡನ್ನೂ ಒಂದೇ ಏಟಿಗೆ ತುಂಬಿಬಿಟ್ಟಿದ್ದಳು.

ಮುತ್ತಹಾಳದಲ್ಲಿ ನೀರು ಚೆನ್ನಾಗಿದೆ, ಅಲ್ಲಿನ ಕೆಲವು ಮಕ್ಕಳ ಕಾಲಿನ ತೊಂದರೆಗೆ ಬೇರೆ ಕಾರಣವಿರಬೇಕು ಎಂದು ವರದಿ ಬಂತು. ಅದರಲ್ಲಿ ಯಾರೂ ಬೇಕೆಂದು ಸುಳ್ಳು ಬರೆದಿರಲಿಲ್ಲ. ಬರೆದಿದ್ದರೆ ಒಬ್ಬನನ್ನು ಹಿಡಿದು ಬೈಯಬಹುದಿತ್ತು. ಆ ಸಮಾಧಾನವೂ ಇಲ್ಲ.

ಮೂರು ವರ್ಷ ಕಳೆಯಿತು. ಶಾಲೆಗೆ ಹೋಗದ ಮಕ್ಕಳೆಷ್ಟು ಎಂದು ಕೇಳುವ ಇನ್ನೊಂದು ಗಣತಿ ಬಂತು. ಕಸ್ತೂರಿ ಮತ್ತೆ ಕಲ್ಲುದಿನ್ನೆ ಹತ್ತಿದಳು. ಆ ವರದಿ ಅವಳ ಕಣ್ಣಿಗೆ ಬಿದ್ದಿರಲಿಲ್ಲ, ತಾಂಡಾಕ್ಕೆ ಬೇರೆ ನೀರು ಬಂದಿರುತ್ತದೆ ಎಂದೇ ಅವಳು ನಂಬಿದ್ದಳು. ಕೈಪಂಪಿನ ಮುಂದೆ ಕೊಡಗಳ ಸಾಲು ಇದ್ದ ಹಾಗೆಯೇ ಇತ್ತು. ಜಮಲಿಬಾಯಿಯ ಮನೆಯ ಜಗುಲಿಯಲ್ಲಿ ಒಂದು ಹುಡುಗಿ ಕೂತಿದ್ದಳು. ಇವಳನ್ನು ಕಂಡು ಏಳಲು ಹೋದಳು. ಗೋಡೆ ಹಿಡಿದು, ಎರಡು ಸಲ ಸೋತು, ಮೂರನೆಯ ಸಲ ಎದ್ದಳು. ಮಂಡಿಗಳು ಒಂದಕ್ಕೊಂದು ತಾಗಿದ್ದವು, ಪಾದಗಳು ದೂರ ದೂರ ನಿಂತಿದ್ದವು. ಕಸ್ತೂರಿಗೆ ಅದು ಸಕ್ಕು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಇನ್ನಾ ಇದ ನೀರು ಕುಡಸಾಕತ್ತೀರೇನು?" ಎಂದಳು. ಅವಳ ದನಿ ಏರಿತ್ತು.

ಜಮಲಿಬಾಯಿ ಶಾಂತವಾಗಿಯೇ ಹೇಳಿದಳು. "ಮದಲ ಈಕಿಗೆ ಇದನ್ನ ಕುಡಸ್ತಿದ್ದಿಲ್ಲ ಯವ್ವಾ. ಊರಾಗಿಂದ ದಿನಾ ಒಂದು ಕೊಡ ಹೊತ್ಕೊಂಡು ಬರ್ತಿದ್ನಿ, ಈಕಿ ಒಬ್ಬಾಕಿಗಷ್ಟ. ಆಮ್ಯಾಲ ಕಾಗದ ಬಂತು. ನೀವು ಬರ್ಕೊಂಡು ಹೋದದ್ದರದ್ದು. ನೀರು ಚಲೋ ಐತಿ ಅಂತ ಪಂಚಾಯ್ತಿಯವರು ಓದಿ ಹೇಳಿದ್ರು. ಚಲೋ ಐತಿ ಅಂದ ಮ್ಯಾಲ ಯಾಕ ಹೊರೂದು ಅಂತ ಬಿಟ್ಟೆ."

ಕಸ್ತೂರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಶಾಲೆಯ ಲೆಕ್ಕ ಕೇಳದೆಯೇ ಇಳಿದು ಬಂದಳು. ಕಚೇರಿಯಲ್ಲಿ ಹಳೆಯ ಫೈಲು ತೆರೆದು ತಾಂಡಾ ಎಂದು ಹುಡುಕಿದಳು. ಇಲ್ಲ ಎಂದಿತು. ಬೀರುವಿನಿಂದ ಕಾಗದದ ಹಾಳೆಗಳನ್ನು ತೆಗೆದಳು. ಅವಳದೇ ಅಕ್ಷರದಲ್ಲಿ ಮುತ್ತಹಾಳ ತಾಂಡಾ, ಮುತ್ತಹಾಳ ತಾಂಡಾ ಎಂದು ಅರವತ್ತೆರಡು ಹಾಳೆ. ಒಂದು ಮನೆಯನ್ನೂ ಬಿಟ್ಟಿರಲಿಲ್ಲ, ನಿಜ. ಬರೆದ ಕೈಯೇ ಕತ್ತರಿಸಿತ್ತು. ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಮೇಲಿನವರಿಗೆ ಪತ್ರ ಬರೆದಳು. ತಪ್ಪು ನನ್ನದು ಎಂದು ಮೊದಲ ಸಾಲಿನಲ್ಲೇ ಬರೆದಳು. ಅವರೇನು ಕೆಟ್ಟವರಲ್ಲ. ಪಂಪಿನ ನೀರನ್ನು ಪರೀಕ್ಷಿಸಿದರು. ಪಂಪಿಗೆ ಕೆಂಪು ಬಣ್ಣ ಬಳಿದು ಕುಡಿಯಬಾರದೆಂದರು. ಐದು ತಿಂಗಳಲ್ಲಿ ಊರಿನಿಂದ ತಾಂಡಾಕ್ಕೆ ಪೈಪು ಎಳೆದರು. ಇಷ್ಟೇ ಕೆಲಸ. ಮೂರು ವರ್ಷದ ಹಿಂದೆಯೂ ಐದೇ ತಿಂಗಳಲ್ಲಿ ಆಗುತ್ತಿತ್ತು.

ಡಾಕ್ಟರು ಸಕ್ಕುವಿನ ಕಾಲು ಮುಟ್ಟಿ ನೋಡಿದರು. ಇನ್ನು ಹೆಚ್ಚು ಕೆಡುವುದಿಲ್ಲ ಎಂದರು. ನೆಟ್ಟಗಾಗುತ್ತದೆಯೇ ಎಂದು ಕಸ್ತೂರಿ ಕೇಳಿದಳು. ಅವರು ಮುಂದಿನ ಮಗುವನ್ನು ಕರೆದರು.

ಹೊಸ ನಲ್ಲಿ ಬಂದ ಮೇಲೆ ಕಸ್ತೂರಿ ಒಮ್ಮೆ ತಾಂಡಾಕ್ಕೆ ಹೋದಳು. ಹೇಗೆ ಆಯಿತು, ಯಾರಿಂದ ಆಯಿತು ಎಂಬುದನ್ನು ಜಮಲಿಬಾಯಿಗೆ ಹೇಳಲೇಬೇಕೆಂದು ಹೋಗಿದ್ದಳು. ಬಾಗಿಲಲ್ಲೇ ನಿಂತು ಹೇಳಿದಳು. ಅಕ್ಷರ, ಅಗಲ, ಫೈಲು ಎಂದೆಲ್ಲ ಹೇಳುತ್ತಾ ಹೋದಳು. ಮುದುಕಿಗೆ ಅದರಲ್ಲಿ ಒಂದೂ ಅರ್ಥವಾಗಲಿಲ್ಲ. "ನೀ ಏನ್ ಮಾಡ್ತಿ ಬಿಡವ್ವಾ, ನೀ ಎಲ್ಲಾ ಬರ್ಕೊಂಡು ಹೋಗಿದ್ದಿ" ಎಂದು ಇವಳನ್ನೇ ಸಮಾಧಾನ ಮಾಡಿದಳು. ತಂಬಿಗೆಯಲ್ಲಿ ಹೊಸ ನಲ್ಲಿಯ ನೀರು ತಂದುಕೊಟ್ಟಳು. ಬೈದಿದ್ದರೆ ಕಸ್ತೂರಿ ತಡೆದುಕೊಳ್ಳುತ್ತಿದ್ದಳು. ಆ ನೀರನ್ನು ಕುಡಿಯದೆ ಜಗುಲಿಯ ಮೇಲಿಟ್ಟು ದಿನ್ನೆ ಇಳಿದಳು.

ಇಷ್ಟು ಹೇಳಿ ಮೇಷ್ಟ್ರು ನಿಲ್ಲಿಸಿದರು.

ರೇವಣಸಿದ್ಧ ತಲೆಯೆತ್ತಿ, "ಆಕೀದು ಭಾಳ ದೊಡ್ಡ ತಪ್ಪಾತು ಬಿಡ್ರಿ ಗುರುಗಳ. ನಂದು ಅಷ್ಟು ದೊಡ್ಡದಲ್ಲ. ಹೊಂದಲಾರದವು ಬರೇ ಮೂವತ್ತೆಂಟು ಸಾಲು, ನಾನು ಎಣಿಸೀನಿ" ಎಂದ.

"ಎಣಿಸೀದಿ, ಚಲೋ ಆತು," ಎಂದರು ಮೇಷ್ಟ್ರು, "ಆ ಮೂವತ್ತೆಂಟು ಕೂಸು ಯಾವ ಊರವು?"