ಮಂಡಕ್ಕಿ ಗಾಡಿಯ ನಡುಕ

ಹರಿಹರದ ಹೊರಗೆ, ತುಂಗಭದ್ರೆಯ ದಡದಲ್ಲಿ ದಸ್ತಗಿರಿ ಉಸ್ತಾದರ ಆಶ್ರಮ. ಪರ್ಣಕುಟಿಯ ಬದಲು ತಗಡಿನ ಶೆಡ್ಡು, ಹೋಮದ ಹೊಗೆಯ ಬದಲು ಡೀಸೆಲ್ ಹೊಗೆ. ಉಸ್ತಾದರ ಆಸನ, ಹಳೆಯ ಲಾರಿಯೊಂದರಿಂದ ಕಿತ್ತ ಡ್ರೈವರ್ ಸೀಟು.

ನಾಗವೇಣಿ ಅವರ ಶಿಷ್ಯೆ. ಡಿಪ್ಲೊಮಾ ಮುಗಿಸಿ ಬಂದು ಸೇರಿ ನಾಲ್ಕು ವರ್ಷವಾಗಿತ್ತು. ಆದರೂ ಗಾಡಿ ತಂದವರೆಲ್ಲ ಅವಳ ತಲೆಯ ಮೇಲಿಂದ ಒಳಗೆ ಇಣುಕಿ, "ಉಸ್ತಾದ್ ಇಲ್ವೇನಮ್ಮಾ?" ಎಂದೇ ಕೇಳುತ್ತಿದ್ದರು.

ಮೂರು ತಿಂಗಳ ಹಿಂದೆ ಉಸ್ತಾದರು ನಿಜಕ್ಕೂ ಇಲ್ಲದ ದಿನ ಕೊಟ್ರೇಶಪ್ಪ ಬಂದ. ಪಿಕಪ್ ಆಗತಾನೆ ಶೋರೂಮಿನಿಂದ ಇಳಿದದ್ದು, ಸೀಟಿನ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.

"ಹಿಂದಿನ ಸ್ಪ್ರಿಂಗಿಗೆ ಎರಡೆರಡು ಪ್ಲೇಟು ಜಾಸ್ತಿ ಹಾಕಮ್ಮ. ನನ್ನ ಲೋಡು ಎರಡಾಳೆತ್ತರ ಇರ್ತೈತೆ."

ನಾಗವೇಣಿ ಹಾಕಿದಳು. ಮೊದಲಿಂದ ಕೊನೆವರೆಗೆ ಒಬ್ಬಳೇ ಮಾಡಿದ ಮೊದಲ ಕೆಲಸ. ಒಂದು ಪ್ಲೇಟಿನ ಮೇಲೆ ಇನ್ನೊಂದು, ಹೊಸ ಇಸ್ಪೀಟು ಕಟ್ಟಿನ ಹಾಗೆ ಕೂತಿತು. ಹೊರಡುವಾಗ ಕೊಟ್ರೇಶಪ್ಪ, "ಬರ್ತೀನಿ ಮೇಸ್ತ್ರಿ" ಎಂದ.

ಮೇಸ್ತ್ರಿ! ಆ ಮಾತನ್ನು ಅವಳು ಮನೆ ಮುಟ್ಟುವವರೆಗೂ ಕಲ್ಲುಸಕ್ಕರೆಯ ಹಾಗೆ ಬಾಯಲ್ಲಿಟ್ಟುಕೊಂಡು ಹೋದಳು.

ಈಗ ಅದೇ ಗಾಡಿ ಮೂರನೆಯ ಸಲ ಶೆಡ್ಡಿಗೆ ಬಂದಿತ್ತು.

"ಅರವತ್ತು ದಾಟಿದ್ರೆ ಸಾಕು ಮೇಸ್ತ್ರಿ, ಸೀಟಿನ ಕೆಳಗೆ ಹಿಟ್ಟಿನ ಗಿರಣಿ ಶುರುವಾಗ್ತೈತೆ. ಶೋರೂಮಿನಲ್ಲಿ ಕಂಪ್ಯೂಟರ್ ಹಚ್ಚಿ ನೋಡಿ, ಗಾಡಿಗೇನೂ ಆಗಿಲ್ಲ ಅಂದ್ರು. ನನ್ನ ಸೊಂಟಕ್ಕೂ ಅದನ್ನೇ ಹಚ್ಚಿ ನೋಡ್ರಪ್ಪ ಅಂದು ಬಂದೆ."

ಆಮೇಲೆ ದನಿ ತಗ್ಗಿಸಿದ. "ಇವತ್ತೂ ಸಿಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬ್ಯಾಡ್ರಿ. ಇನ್ಮೇಲೆ ಈ ಗಾಡೀನ ಉಸ್ತಾದರೇ ನೋಡ್ಲಿ."

ನಾಗವೇಣಿ ಮಧ್ಯಾಹ್ನದವರೆಗೆ ಗಾಡಿಯ ಕೆಳಗೇ ಇದ್ದಳು. ಹೊರಬಂದಾಗ ಮುಖದಲ್ಲಿ ಗ್ರೀಸು, ಕೈಯಲ್ಲಿ ನೋಟ್‌ಬುಕ್ಕು.

"ಉಸ್ತಾದ್, ಎಲ್ಲಾ ನೋಡಿದೆ. ಚಕ್ರದ ಬ್ಯಾಲೆನ್ಸ್ ಸರಿ ಇದೆ. ಟೈರು ಹಿಂದೆಮುಂದೆ ಬದಲಾಯಿಸಿದೆ. ಎಂಜಿನ್ ಕೂತಿರೋ ರಬ್ಬರು ಗಟ್ಟಿ ಇದೆ. ಶಾಫ್ಟಿನ ಜಾಯಿಂಟು ಸಡಿಲ ಇಲ್ಲ."

"ಯಾವಾಗ ನಡುಗುತ್ತೆ?"

"ಖಾಲಿ ಇದ್ದಾಗ ನಡುಗುತ್ತೆ, ಲೋಡ್ ಇದ್ದಾಗಲೂ ನಡುಗುತ್ತೆ. ಎರಡೂ ಓಡಿಸಿ ನೋಡಿ ಬರೆದಿಟ್ಟಿದೀನಿ."

"ಯಾವಾಗ ನಡುಗಲ್ಲ?"

ನಾಗವೇಣಿ ನೋಟ್‌ಬುಕ್ಕಿನ ಹಾಳೆ ತಿರುವಿದಳು. ಅಲ್ಲಿ ಅದು ಇರಲಿಲ್ಲ. "ಅದನ್ನ ಕೇಳಲಿಲ್ಲ."

"ಕೇಳು."

ಕೊಟ್ರೇಶಪ್ಪ ನಕ್ಕುಬಿಟ್ಟ. "ಒಂದ್ಸಲ ಸುಮ್ನಿತ್ತು ನೋಡ್ರಿ! ನಮ್ಮ ತಂಗಿ ಮದುವೆಗೆ ಬೀಗರ ಕಡೆಯವರನ್ನ ಹಿಂದೆ ಕೂರಿಸ್ಕೊಂಡು ಹೋಗಿದ್ದೆ, ಇಪ್ಪತ್ತೈದು ಜನ. ರೇಷ್ಮೆ ಮೇಲೆ ಜಾರಿದಂಗೆ ಹೋತು. ಹಿರೇರ ಕಾಲ್ಗುಣ ಅನ್ಕೊಂಡೆ."

"ಹಿರಿಯರ ಕಾಲ್ಗುಣ ಅಲ್ಲ, ತೂಕ" ಎಂದು ನಾಗವೇಣಿ ತಕ್ಷಣ ಹೇಳಿದಳು. ಮರುಕ್ಷಣ ಹುಬ್ಬು ಗಂಟಿಕ್ಕಿತು. "ಆದರೆ ಉಸ್ತಾದ್, ಲೋಡ್ ಇದ್ದಾಗಲೂ ನಡುಗುತ್ತಲ್ಲ? ನಾನೇ ಓಡಿಸಿದೀನಿ."

ಉಸ್ತಾದರು ಸೀಟಿನಿಂದ ಏಳಲಿಲ್ಲ. ಗಾಡಿಯ ಮೇಲೆ ಗೋಪುರದ ಹಾಗೆ ಏರಿದ್ದ ಚೀಲಗಳತ್ತ ಗಲ್ಲ ಎತ್ತಿ ತೋರಿಸಿದರು.

"ಒಂದು ಚೀಲ ಇಳಿಸು."

ಅವಳಷ್ಟೇ ಎತ್ತರದ ಚೀಲ. ನಾಗವೇಣಿ ಕಾಲು ಅಗಲಿಸಿ ನಿಂತಳು, ಉಸಿರು ಬಿಗಿಹಿಡಿದಳು, ಎರಡೂ ಕೈಯಲ್ಲಿ ಅಪ್ಪಿ ಜೋರಾಗಿ ಎಳೆದಳು.

ಚೀಲ ಗಾಳಿಪಟದ ಹಾಗೆ ಬಂತು. ಅವಳು ಅದನ್ನು ತಬ್ಬಿಕೊಂಡೇ ಹಿಂದಕ್ಕೆ ಹೋಗಿ ಟೈರುಗಳ ರಾಶಿಯ ಮೇಲೆ ಕೂತಳು. ಬಾಯಿ ಬಿಚ್ಚಿದ ಚೀಲದಿಂದ ಮಂಡಕ್ಕಿ ಅವಳ ತಲೆಯ ಮೇಲೆ ಅಕ್ಷತೆಯಂತೆ ಸುರಿಯಿತು.

"ಅಯ್ಯೋ, ದಾವಣಗೆರೆ ಆರ್ಡರ್ ಅದು!" ಎಂದು ಕೊಟ್ರೇಶಪ್ಪ ಕೂಗಿದ.

ನಾಗವೇಣಿ ನಗಲಿಲ್ಲ. ಮಂಡಕ್ಕಿ ಹಗುರ ಎಂಬುದು ಆ ಸೀಮೆಯಲ್ಲಿ ಹಲ್ಲು ಬಾರದ ಕೂಸಿಗೂ ಗೊತ್ತು. ಅವಳು ಮಾತ್ರ ಎರಡಾಳೆತ್ತರ ನೋಡಿ ನೋಟ್‌ಬುಕ್ಕಿನಲ್ಲಿ ಲೋಡ್ ಎಂದು ಬರೆದಿದ್ದಳು. ಪ್ಲೇಟು ಹಾಕಿದ ದಿನ ಎಷ್ಟೆತ್ತರ ಎಂದು ಕೇಳಿಸಿಕೊಂಡಿದ್ದಳು, ಏನು ತುಂಬುತ್ತೀರಿ ಎಂದು ಕೇಳಿರಲಿಲ್ಲ.

ಅಂಗಾತ ಮಲಗಿ ಮತ್ತೆ ಗಾಡಿಯ ಕೆಳಗೆ ಸರಿದಳು. ಈಗ ಎಲ್ಲವೂ ಕಾಣುತ್ತಿತ್ತು. ಒತ್ತುವ ಭಾರವಿಲ್ಲದೆ ಅವಳ ಪ್ಲೇಟುಗಳು ಗಾಡಿಯ ಹಿಂಭಾಗವನ್ನು ಎತ್ತಿ ಹಿಡಿದಿದ್ದವು. ಅದರಿಂದ ಎಂಜಿನ್ನಿನ ಕಡೆಯಿಂದ ಹಿಂದಿನ ಚಕ್ರಗಳಿಗೆ ಬರುವ ಶಾಫ್ಟು ಓರೆಯಾಗಿ ತಿರುಗುತ್ತಿತ್ತು. ಇಪ್ಪತ್ತೈದು ಜನ ಕೂತ ದಿನ ಮಾತ್ರ ಅದು ನೆಟ್ಟಗಾಗಿತ್ತು.

ಬೆಳಗಿನಿಂದ ಅವಳು ಮುಟ್ಟದೇ ಬಿಟ್ಟಿದ್ದು ಆ ಪ್ಲೇಟುಗಳನ್ನು ಮಾತ್ರ. ತನ್ನದೇ ಕೆಲಸ, ಅದರಲ್ಲಿ ನೋಡುವುದೇನು ಎಂದು.

ಗಾಡಿಯ ಕೆಳಗಿನಿಂದಲೇ ಕೇಳಿದಳು.

"ಉಸ್ತಾದ್, ಆ್ಯಕ್ಸಲ್ಲಿನ ಮೇಲೆ ಓರೆಯಾದ ಒಂದು ಕಬ್ಬಿಣದ ಬೆಣೆ ಕೊಟ್ಟರೆ ಶಾಫ್ಟು ನೆಟ್ಟಗಾಗುತ್ತಲ್ವಾ?"

"ಆಗುತ್ತೆ."

"ನಡುಕ ನಿಲ್ಲುತ್ತಾ?"

"ನಿಲ್ಲುತ್ತೆ."

"ಹಾಗಾದ್ರೆ ಪ್ಲೇಟು ಇರಲಾ?"

ಉಸ್ತಾದರು ಚಹಾದ ಕೊನೆಯ ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು.

"ಯಾರಿಗೆ ಬೇಕು ನಾಗವ್ವ? ಗಾಡಿಗೋ, ನಿನಗೋ?"

ಗಾಡಿಯ ಕೆಳಗಿನಿಂದ ಒಂದು ಕೈ ಹೊರಬಂದು ಹದಿನೇಳನೇ ನಂಬರಿನ ಸ್ಪ್ಯಾನರ್ ಹುಡುಕಿತು.

ಬಿಚ್ಚುವುದು ಸುಲಭವಾಗಿರಲಿಲ್ಲ. ಅಷ್ಟು ಚೆನ್ನಾಗಿ ಬಿಗಿದಿದ್ದಳು! ಒಂದೊಂದು ನಟ್ಟೂ ಕಿರುಚಿಯೇ ಬಿಟ್ಟಿತು. ನಾಲ್ಕೂ ಪ್ಲೇಟು ಗೋಡೆಗೆ ಒರಗಿದವು. ಗಾಡಿ, ಬಿಗಿ ಅಂಗಿಯ ಗುಂಡಿ ಬಿಚ್ಚಿದವನ ಹಾಗೆ ನಿಧಾನವಾಗಿ ಕೆಳಗಿಳಿದು ಕೂತಿತು.

ಸೇತುವೆ ದಾಟಿ ಹೆದ್ದಾರಿಗೆ ಬಂದಾಗ ಸ್ಟೇರಿಂಗ್ ನಾಗವೇಣಿಯ ಕೈಯಲ್ಲಿತ್ತು. ಅರವತ್ತು. ಅರವತ್ತೈದು. ಪಕ್ಕದಲ್ಲಿದ್ದ ಕೊಟ್ರೇಶಪ್ಪ ಬರುವ ನಡುಕಕ್ಕೆ ಹಲ್ಲು ಕಚ್ಚಿ ಕೂತಿದ್ದ. ಎಪ್ಪತ್ತು.

"ಏನ್ರೀ ಇದು, ಎಂಜಿನ್ ಆಫ್ ಮಾಡಿದ್ರಾ?" ಎಂದ. ಆಮೇಲೆ ಸೀಟು ಮುಟ್ಟಿ ನೋಡಿದ, ಬಾಗಿಲು ಮುಟ್ಟಿ ನೋಡಿದ, ತನ್ನ ಸೊಂಟವನ್ನೂ ಮುಟ್ಟಿ ನೋಡಿಕೊಂಡ. "ಭಲೇ ಮೇಸ್ತ್ರಿ! ಶೋರೂಮಿನವರಿಗೆ ಆಗದ್ದು! ಏನಾಗಿತ್ತು?"

ಶಾಫ್ಟು ಓರೆಯಾಗಿತ್ತು ಎಂದಿದ್ದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

ನಾಗವೇಣಿ ಗಾಡಿಯನ್ನು ತಿರುಗಿಸಿ ಶೆಡ್ಡಿನ ಮುಂದೆ ತಂದು ನಿಲ್ಲಿಸಿದಳು. ಇಳಿದು, ಉಸ್ತಾದರಿಗೂ ಕೇಳಿಸುವ ಹಾಗೆ, ತಲೆ ತಗ್ಗಿಸದೆ ಹೇಳಿದಳು.

"ನಾನು ಹಾಕಿದ ಪ್ಲೇಟೇ ಕಾರಣ ಕೊಟ್ರೇಶಪ್ಪಾರೇ. ಏನು ತುಂಬ್ತೀರಿ ಅಂತ ಕೇಳ್ದೆ ಹಾಕಿದೆ. ಮಂಡಕ್ಕಿಗೆ ಅವು ಬೇಕಾಗಿರಲಿಲ್ಲ. ಈಗ ನಾನೇ ತೆಗೆದಿದೀನಿ."

ಕೊಟ್ರೇಶಪ್ಪನ ಮುಖದ ನಗು ಅಲ್ಲೇ ನಿಂತಿತು. ಗೋಡೆಗೆ ಒರಗಿದ್ದ ಪ್ಲೇಟು ನೋಡಿದ, ಅವಳನ್ನು ನೋಡಿದ. ಆಮೇಲೆ ಅವಳ ತಲೆಯ ಮೇಲಿಂದ ಒಳಗೆ ನೋಡಿದ.

"ಉಸ್ತಾದ್, ಮೂರು ತಿಂಗಳು ನನ್ನ ಸೊಂಟ ಮುರಿದಿದ್ದು ಈ ಹುಡುಗಿ ಕೆಲ್ಸವಂತೆ. ಇವಳು ಏನು ಕಲಿತಿದಾಳೆ ನಿಮ್ಮ ಹತ್ರ?"

ದಸ್ತಗಿರಿ ಉಸ್ತಾದರು ಲಾರಿಯ ಸೀಟಿನಿಂದ ಎದ್ದು ನಿಂತರು.

"ಬಿಗಿಯೋದು ನಾನು ಕಲಿಸಿದ್ದು ಕೊಟ್ರೇಶಿ. ಬಿಚ್ಚೋದು ಅವಳೇ ಕಲಿತಿದ್ದು."